ಅತ್ತೆಯ ಮಷೀನಿನಲ್ಲಿ ಹೊಲಿದ ನೋಟ್‌ಬುಕ್

ನಿನ್ನೆ ಸೊರಬದಲ್ಲಿ ಹಳೆಯದೊಂದು ಹೊಲಿಗೆ ಮಷೀನು ಕೊಂಡೆ. ಇದು ನನ್ನ ಏಳನೆಯದು. ನನ್ನ ಈ ಹುಚ್ಚನ್ನು ಹೊಗಳುವವರಿಗೆ ಇದರ ಮೂಲ ಹೇಳಿಲ್ಲ. ಮನೆಗೆ ತಂದು ಸೂಜಿಯ ಕೆಳಗಿನ ತಗಡು ಬಿಚ್ಚಿದೊಡನೆ ಎಣ್ಣೆಯ ವಾಸನೆ ಬಂತು. ಶಿಕಾರಿಪುರದ ಅತ್ತೆ, ಅಪ್ಪನ ಅಕ್ಕ, ನೆನಪಾದಳು.

ಅತ್ತೆ ರವಿಕೆ ಹೊಲಿದೇ ಬದುಕುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಉಂಡು ಅಡ್ಡಾದಾಗ ಅವಳ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದ ನಾನು ಹಿಂದಿನ ವರ್ಷದ ಪುಸ್ತಕಗಳಲ್ಲಿ ಬರೆಯದೆ ಉಳಿದ ನೀಲಿ ಗೆರೆಯ ಹಾಳೆಗಳನ್ನೆಲ್ಲ ಜೋಡಿಸಿ, ಅವಳ ಮಷೀನಿನಲ್ಲಿ ಹೊಲಿದು ನೋಟ್‌ಬುಕ್ ಮಾಡಿಕೊಂಡೆ. ಕಾಗದಕ್ಕೆ ಸೂಜಿ ಮೊಂಡಾಯಿತು. ಎದ್ದವಳು ಅದೇ ಸೂಜಿಯಲ್ಲಿ ಮದುವೆ ಹೆಣ್ಣಿನ ರೇಷ್ಮೆ ರವಿಕೆ ಹೊಲಿದಳು.

ಮರುದಿನ ಹೆಣ್ಣಿನ ತಾಯಿ ಬಂದು ರವಿಕೆ ಬಿಡಿಸಿ ನೋಡಿ ಕೂಗಾಡಿದರು. "ಏನ್ರೀ ಇದು, ಎಳೆ ಎಲ್ಲಾ ಕಿತ್ತು ಬಂದೈತಿ! ನಾಡಿದ್ದು ಮದುವಿ ಐತ್ರೀ!"

ನಾನು ಬಾಗಿಲ ಹಿಂದೆ ನಿಂತಿದ್ದೆ. ಅತ್ತೆ ನನ್ನ ಕಡೆ ನೋಡಲಿಲ್ಲ.

"ತಪ್ಪಾತ್ರೀ. ಈಗೀಗ ನನಗ ಕಣ್ಣು ಸರಿ ಕಾಣಂಗಿಲ್ರೀ" ಎಂದಳು.

ಮಾತು ಕೇರಿಯೆಲ್ಲ ಹಬ್ಬಿತು. ಆಮೇಲೆ ಯಾರೂ ಅವಳ ಕೈಗೆ ರೇಷ್ಮೆ ಕೊಡಲಿಲ್ಲ. ಕೊನೆಯವರೆಗೂ ಲಂಗ, ದಿಂಬಿನ ಚೀಲಗಳನ್ನೇ ಹೊಲಿದಳು. ನಾನು ಬಾಯಿ ಬಿಡಲಿಲ್ಲ. ಅವಳಿಗೆ ಗೊತ್ತಾಗಿಲ್ಲವೆಂದು ಇಷ್ಟು ವರ್ಷ ನೆಮ್ಮದಿಯಾಗಿಯೇ ಇದ್ದೆ.

ನಿನ್ನೆಯ ಮಷೀನಿನ ತಗಡಿನ ಕೆಳಗೆ, ಬಟ್ಟೆ ಎಳೆಯುವ ಹಲ್ಲುಗಳ ಸಂದಿಯಲ್ಲಿ, ಯಾರೋ ಹೊಲಿದ ಕೆಂಪು ಬಟ್ಟೆಯ ಜುಂಗು ಸಿಕ್ಕಿಕೊಂಡಿತ್ತು. ಅತ್ತೆ ಪ್ರತಿ ಸಂಜೆ ಕೆಲಸ ಮುಗಿಸಿ ಈ ತಗಡು ಬಿಚ್ಚಿ ಬ್ರಷ್ಷಿನಲ್ಲಿ ಗುಡಿಸುತ್ತಿದ್ದಳು. ಆ ಸಂಜೆಯೂ ಗುಡಿಸಿದ್ದಳು. ನೀಲಿ ಗೆರೆಯ ಕಾಗದದ ಚೂರುಗಳು ಅವಳ ಕಣ್ಣಿಗೆ ಚೆನ್ನಾಗಿಯೇ ಕಂಡಿರುತ್ತವೆ.