ಅಮಾವಾಸ್ಯೆಯ ಸಂಕಲ್ಪ

ಲಕ್ಷ್ಮೇಶ್ವರದ ಒಂದು ಹತ್ತಿ ಗಿರಣಿಯಲ್ಲಿ ಅಮಾವಾಸ್ಯೆಗೊಮ್ಮೆ ಯಂತ್ರಪೂಜೆ ಮಾಡಿಸುವುದು ಬಹುಕಾಲದಿಂದ ನನ್ನ ಪಾಲಿನ ಸೇವೆ. ಗಿರಣಿಯ ಒಡೆಯರು ಮುಸಲ್ಮಾನರು. ಅವರ ತಂದೆಯ ಕಾಲದಿಂದಲೂ ಈ ಪದ್ಧತಿ ತಪ್ಪಿಲ್ಲ. ಯಂತ್ರ ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆದ ಮೇಲೆ ಹತ್ತಿ ಹಾಕದೆ ಒಮ್ಮೆ ಅದನ್ನು ತಿರುಗಿಸಬೇಕು. ಆಗಲೇ ಪೂಜೆ ಮುಗಿದಂತೆ. ಹಾಗೆ ತಿರುಗಿಸುವಾಗಲೇ ಕೆಲಸಗಾರನೊಬ್ಬನ ಬಲಗೈ ಬೆಲ್ಟಿಗೆ ಸಿಕ್ಕು ಮಣಿಕಟ್ಟಿನವರೆಗೆ ಹೋಯಿತು.

ಒಡೆಯರು ವಿಮೆಯ ಕಂತು ತಪ್ಪಿಸಿದವರಲ್ಲ. ಕಂಪನಿಯೇ ಪರಿಹಾರ ಕೊಡುವುದೆಂದು ನಂಬಿ ಕಾದರು. ಬಹಳ ದಿನಗಳ ಮೇಲೆ ಕಂಪನಿಯ ಪಂಡಿತರ ಉತ್ತರ ಬಂದಿತು: ಅಮಾವಾಸ್ಯೆಯಂದು ಗಿರಣಿ ಬಂದ್, ಕೈ ಹೋದದ್ದು ಪೂಜೆಯಲ್ಲಿ, ಕೆಲಸದಲ್ಲಲ್ಲ. ಎಣ್ಣೆ ಬಿಡುವ ಕೈ ಬೇರೆ, ವಿಭೂತಿ ಹಚ್ಚುವ ಕೈ ಬೇರೆ ಎಂದು ಒಬ್ಬನಿಗೇ ಎರಡು ಬಲಗೈಗಳನ್ನು ಕಂಡ ಇಂಥ ಮೀಮಾಂಸೆಯನ್ನು ನಾನು ಯಾವ ಗುರುವಿನ ಬಳಿಯೂ ಓದಿಲ್ಲ.

ಕೈ ಹೋದವನು ನ್ಯಾಯಾಲಯಕ್ಕೆ ಹೋದ. ಅಲ್ಲಿ ಒಡೆಯರು ಕೈಮುಗಿದು, "ಮಿಷನ್ ತಿರುಗಸು ಅಂತ ನಾನೇ ಹೇಳಿದ್ದೆರೀ. ಅವ ನನ್ನ ಕೆಲಸಾನ ಮಾಡತಿದ್ದ" ಎಂದರು. ಪರಿಹಾರವನ್ನು ಬಡ್ಡಿಸಹಿತ ಕಂಪನಿ ಕೊಡಬೇಕೆಂದು ತೀರ್ಪಾಯಿತು. ತಡವಾದುದರ ದಂಡ ಮಾತ್ರ ಒಡೆಯರ ತಲೆಗೆ ಬಿತ್ತು. ಕಾನೂನು ಅದನ್ನು ಹೊರಿಸುವುದು ಕೆಲಸ ಕೊಟ್ಟವನ ಮೇಲೆಯೇ ಅಂತೆ. ತಡ ಮಾಡಿದವರೊಬ್ಬರು, ದಂಡ ತೆರುವವರು ಮತ್ತೊಬ್ಬರು! ಕಂಪನಿಯ ಸಾಹೇಬರು ಸನ್ಮಾನದ ಶಾಲು ಹೊದಿಸಿಕೊಂಡವರಂತೆ ಹೊರಬಂದರು. ಆ ಬಳಿಕವೂ ಹಣ ಬರಲಿಲ್ಲ.

ದೀಪಾವಳಿ ಬಂದಿತು. ಗದಗಿನ ತಮ್ಮ ಕಚೇರಿಯ ಲಕ್ಷ್ಮೀಪೂಜೆಗೆ ಕರೆಯಲು ಅದೇ ಸಾಹೇಬರು ನನ್ನ ಮನೆಗೆ ಬಂದರು. ಕೈ ಕಳೆದುಕೊಂಡವನೂ ಆಗ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದ.

"ಅಮಾಸಿ ದಿನ ನಿಮ್ಮ ಕಚೇರಿ ಬಂದ್ ಇರಬೇಕಲ್ರೀ?" ಎಂದೆ.

"ಹಂಗ್ಯಾಕಂತೀರಿ ಅಜ್ಜಾರ? ಪೂಜಿ ಅಂದ್ರ ನಮಗ ಅದೂ ಒಂದು ಕೆಲಸಾನ ಅಲ್ರೀ" ಎಂದುಬಿಟ್ಟರು ಪುಣ್ಯಾತ್ಮರು!

ಕಟ್ಟೆಯ ಮೇಲಿದ್ದವನು ನಕ್ಕ. "ಹೋಗಿ ಬರ್ರಿ ಅಜ್ಜಾರ. ಲಕ್ಷ್ಮಿಗೆ ನಮ್ಮನಿ ದಾರಿ ಗೊತ್ತಾಗವಲ್ದು, ಹೇಳಿ ಬರ್ರಿ."

ಹೋದೆ. ಸಿಬ್ಬಂದಿಯೆಲ್ಲ ಸುತ್ತ ಕುಳಿತಿದ್ದರು. ಸಂಕಲ್ಪವೆಂದರೆ ಪೂಜೆಗೆ ಕುಳಿತವನು ಅಂಗೈಯಲ್ಲಿ ನೀರು ಹಿಡಿದು, ತಾನು ಮಾಡುವುದೇನೆಂದು ದೇವರೆದುರು ನುಡಿಯುವುದು. ಸದಾ ಸಂಸ್ಕೃತದಲ್ಲಿ ಹೇಳಿಸುವ ನಾನು ಅಂದು ಕನ್ನಡದಲ್ಲಿ ಹೇಳಿಸಿದೆ: "ಗಿರಣಿಯಲ್ಲಿ ಕೈ ಕಳೆದುಕೊಂಡವನ ಪರಿಹಾರವನ್ನು ತಡವಿಲ್ಲದೆ ಕೊಡುವೆನು."

ಸಾಹೇಬರು ತಡವರಿಸಿದರು. "ಅಜ್ಜಾರ, ಇದು ಮಂತ್ರದಾಗ ಬರತೈತೇನ್ರಿ?"

"ಬರತೈತ್ರಿ. ಜಲ್ದಿ ಅನ್ರಿ, ನೀರು ಸೋರಾಕ್ಹತ್ತೈತಿ."

ಹಿಂದೆ ಯಾರೋ ಕಿಸಕ್ಕೆಂದರು. ಸಾಹೇಬರು ಅಂದರು, ನೀರು ಬಿಟ್ಟರು. ಅವರ ದಕ್ಷಿಣೆಯ ಲಕೋಟೆಯನ್ನು ನಾನು ಮುಟ್ಟಲಿಲ್ಲ.

ಹಬ್ಬ ಕಳೆಯುತ್ತಲೇ ಹಣ ನ್ಯಾಯಾಲಯಕ್ಕೆ ಬಂದಿತು. ಅವನು ಎಡಗೈಯಿಂದ ಸಹಿ ಮಾಡಿ ತೆಗೆದುಕೊಂಡ. ಕಂಪನಿಯವರು ಸಂಕಲ್ಪಕ್ಕೆ ಅಂಜಿದರೋ, ಸಿಬ್ಬಂದಿಯ ನಗೆಗೆ ಅಂಜಿದರೋ ಅರಿಯೆ. ದಂಡಕ್ಕೆ ಅಂಜಿದರೆನ್ನಲು ಮಾತ್ರ ಬರುವಂತಿಲ್ಲ. ಅದನ್ನು ಒಡೆಯರು ಆಗಲೇ ಕಟ್ಟಿ ಬಂದಿದ್ದರು.