ನಾಳೆ ಅನ್ನುವ ಅಭ್ಯಾಸ

ಬಟ್ಟೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಗಿಣಿ ಎಂದೇ ಕರೆಯುತ್ತಿದ್ದರು. ಹಾಗೆ ಕರೆಸಿಕೊಳ್ಳುವ ಯೋಗ್ಯತೆಯೂ ಅವಳಿಗಿತ್ತು ಅನ್ನಿ. ಶರ್ಟಿನ ಗುಂಡಿ ಹೊಟ್ಟೆಯ ಮೇಲೆ ಕಿತ್ತು ಬರುವಂತಿದ್ದರೂ "ಅಣ್ಣಾ, ನಿಮಗೇ ಅಂತ ಹೊಲಿದ ಹಾಗಿದೆ" ಎನ್ನುವಳು. ಕೇಳಿದ ಬಣ್ಣ ಇಲ್ಲದಿದ್ದರೆ "ನಾಳೆ ಬರತ್ತಕ್ಕಾ" ಎನ್ನುವಳು. ಇದು ಯಜಮಾನ ಮೊದಲ ದಿನವೇ ಕಲಿಸಿದ ಪಾಠ: "ಇಲ್ಲ, ಗೊತ್ತಿಲ್ಲ, ಈ ಎರಡು ಮಾತು ನಿನ್ನ ಬಾಯಲ್ಲಿ ಬರಕೂಡದು. ನಾಳೆ ಅನ್ನು. ಮಾತು ಬಲ್ಲವಳಿಗೆ ಜಗಳ ಇಲ್ಲ." ಮಾರನೆಯ ದಿನ ಬಂದ ಗಿರಾಕಿಗೆ ಇನ್ನೊಂದು ನಾಳೆ. ಬಟ್ಟೆ ವ್ಯಾಪಾರದಲ್ಲಿ ಅದರಿಂದ ಯಾರೂ ಸಾಯುವುದಿಲ್ಲ.

ಮಹಾಮಾರಿ ಬಂತು, ಅಂಗಡಿಯ ಶಟರ್ ಇಳಿಯಿತು. ಆಸ್ಪತ್ರೆಯಲ್ಲಿ ಕೈಗಳೇ ಸಾಲದೆ, ಊಟ ಹಂಚಲು, ಹಾಸಿಗೆ ಬದಲಿಸಲು ಸಿಕ್ಕವರನ್ನೆಲ್ಲ ಸೇರಿಸಿಕೊಂಡರು. ಚೆನ್ನಾಗಿ ದುಡಿದವರಿಗೆ ನರ್ಸ್ ತರಬೇತಿಗೆ ಸೀಟು, ವಾರ್ಡಿನ ಹಿರಿಯ ಸಿಸ್ಟರ್ ಒಪ್ಪಿದರೆ ಸಾಕು, ಎಂದರು. ಗಿಣಿ ಹೋದಳು. ಮನೆಯಲ್ಲಿ ರಣರಂಪವಾಯಿತು.

"ಊರೆಲ್ಲ ಬಾಗಿಲು ಹಾಕ್ಕೊಂಡು ಕೂತಿದೆ, ಇವಳಿಗೆ ಸಾವಿನ ಮನೆ ಹೊಕ್ಕೋ ಚಪಲ!" ಎಂದು ಅಪ್ಪ ಕೂಗಾಡಿದ. ಅಕ್ಕ ಬಸುರಿ. ಅವಳು ಕೂಗಾಡಲೂ ಇಲ್ಲ, ತಂಗಿಯ ಹಾಸಿಗೆ, ಬಕೆಟ್ಟು, ಬಾಚಣಿಗೆಯನ್ನೆಲ್ಲ ತೆಗೆದು ಹಿತ್ತಲ ಸಾಮಾನಿನ ಕೋಣೆಗೆ ಎಸೆದಳು. ಅಂದಿನಿಂದ ಗಿಣಿಗೆ ಊಟವೆಂದರೆ ಪೊರಕೆಯ ಹಿಡಿಯಿಂದ ಹೊಸ್ತಿಲೊಳಗೆ ತಳ್ಳಿದ ತಟ್ಟೆ. ಬೀದಿ ನಾಯಿಗಾದರೂ ಬಾ ಅನ್ನುತ್ತಾರೆ. ಅಮ್ಮ ಮಾತ್ರ ಕಿಟಕಿಯಾಚೆ ನಿಂತು ಅತ್ತಳು. "ನರ್ಸ್ ಆಗೋದೋ ಬಿಡೋದೋ ಈ ಭಾನುವಾರದೊಳಗೆ ತೀರ್ಮಾನ ಮಾಡು ಕಂದಾ. ಆಗ್ತೀನಿ ಅಂದ್ರೆ ಅವರ ಹಾಸ್ಟೆಲ್ಲಿಗೇ ಹೋಗ್ಬಿಡು. ಅಕ್ಕನ ಹೆರಿಗೆ ಆಗೋವರೆಗೂ ಈ ಕಡೆ ತಲೆ ಹಾಕಬೇಡ."

ತೀರ್ಮಾನವೇನು, ಒಳಗೊಳಗೆ ಆಗಿಯೇ ಹೋಗಿತ್ತು. ಯಾಕೆ ಗೊತ್ತೇ? ವಾರ್ಡಿನಲ್ಲಿ ಎಲ್ಲರಿಗೂ ತಲೆಯಿಂದ ಕಾಲಿನವರೆಗೆ ಒಂದೇ ಬಿಳಿ ಸೂಟು, ಕಣ್ಣೆರಡನ್ನು ಬಿಟ್ಟು ಬೇರೇನೂ ಕಾಣದು. ಯಾರು ನರ್ಸು, ಯಾರು ತಟ್ಟೆ ತೊಳೆಯುವವರು ಎಂದು ರೋಗಿಗಳಿಗೆ ಹೇಗೆ ತಿಳಿಯಬೇಕು? ಎಲ್ಲರೂ ಸಿಸ್ಟರೇ. ಮನೆಯಲ್ಲಿ ಪೊರಕೆಯ ಹಿಡಿ, ಇಲ್ಲಿ "ಸಿಸ್ಟರ್, ಸಿಸ್ಟರ್". ಆ ಪದ ಕಿವಿಗೆ ಬಿದ್ದಾಗಲೆಲ್ಲ ಹುಡುಗಿ ಒಂದು ಗೇಣು ಬೆಳೆಯುತ್ತಿದ್ದಳು. ನಾನು ಸಿಸ್ಟರಲ್ಲ ಎಂದು ಯಾರಿಗೂ ಹೇಳಲಿಲ್ಲ.

ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಬಸ್ ಡ್ರೈವರ್ ಇದ್ದರು. ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕು. ಅದನ್ನು ತೆಗೆಯಬೇಡಿ ಎಂದು ಹಿರಿಯ ಸಿಸ್ಟರ್ ದಿನವೂ ಗದರುತ್ತಿದ್ದರು. ಶನಿವಾರ ಸಂಜೆ ಗಿಣಿ ಊಟ ತಂದಾಗ ಡ್ರೈವರ್ ಅವಳ ತೋಳು ಹಿಡಿದುಕೊಂಡರು.

"ಸಿಸ್ಟರ್, ನಿಜ ಹೇಳಿ. ನನ್ನ ಯಾವಾಗ ಮನೆಗೆ ಕಳಿಸ್ತೀರಾ?"

ಗೊತ್ತಿಲ್ಲ ಅನ್ನಬಹುದಿತ್ತು. ನಾನು ಊಟ ಹಂಚೋಳು ಅನ್ನಬಹುದಿತ್ತು. ಆದರೆ ಆಸೆಗಣ್ಣಿನ ಗಿರಾಕಿ ಎದುರಿಗಿದ್ದರೆ ಗಿಣಿಯ ನಾಲಿಗೆ ಯಾರ ಅಪ್ಪಣೆಗೂ ಕಾಯುವುದಿಲ್ಲವಲ್ಲ!

"ನಾಳೆ ಅಣ್ಣಾ. ನೋಡಿ, ಮುಖಕ್ಕೆ ಎಷ್ಟು ಕಳೆ ಬಂದಿದೆ!"

ಅವರು ಆಗಲೇ ಹೆಂಡತಿಗೆ ಫೋನ್ ಮಾಡಿದರು. "ನಾಳೆ ಬೆಳಿಗ್ಗೆ ಬಂದ್ಬಿಡೇ. ಆ ನೀಲಿ ಶರ್ಟ್ ಇಸ್ತ್ರಿ ಮಾಡ್ಕೊಂಡು ಬಾ. ಸಿಸ್ಟರೇ ಹೇಳಿದ್ರು." ಗಿಣಿಗೋ ಪುಣ್ಯದ ಕೆಲಸ ಮಾಡಿದ ಖುಷಿ. ಖುಷಿಯಂತೆ ಖುಷಿ!

ವರ್ಷಗಟ್ಟಲೆ ಬಸ್ಸನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿದ ಮನುಷ್ಯ. ಬೆಳಕು ಹರಿಯುವಾಗಲೇ ಎದ್ದು, ಮಾಸ್ಕನ್ನು ದಿಂಬಿನ ಮೇಲಿಟ್ಟು, ಗಡ್ಡ ಹೆರೆದುಕೊಳ್ಳಲು ಬಚ್ಚಲಿಗೆ ನಡೆದರು. ಒಂದು ಕೆನ್ನೆಗೆ ನೊರೆ ಹಚ್ಚಿಕೊಂಡಿದ್ದರು, ಇನ್ನೊಂದಕ್ಕೆ ಹಚ್ಚಲಾಗಲಿಲ್ಲ. ಗಿಣಿ ಕೆಲಸಕ್ಕೆ ಬರುವ ಹೊತ್ತಿಗೆ ಅವರಿಗೆ ಬಟ್ಟೆ ಸುತ್ತಿ ಆಗಿತ್ತು.

"ಊಟ ಕೊಟ್ಟ ಸಿಸ್ಟರ್ ನಾಳೆ ಮನೆಗೆ ಅಂದ್ರಂತೆ, ಪಕ್ಕದ ಮಂಚದವರು ಹೇಳಿದ್ರು" ಎಂದರು ಹಿರಿಯ ಸಿಸ್ಟರ್. "ನೀನೇನಾ?"

ಗಿಣಿ ತಲೆ ತಗ್ಗಿಸಿದಳು. "ನಾನು... ಧೈರ್ಯಕ್ಕೆ ಅಂತ..."

"ಅವರು ಹೇಗೂ ಉಳೀತಿರಲಿಲ್ಲ ಅಂದ್ರೆ ನಿಂಗೆ ಸಮಾಧಾನ ಆಗತ್ತೆ. ಅನ್ನಲ್ಲ. ಉಳೀತಿದ್ರೋ ಏನೋ, ನಂಗೆ ಗೊತ್ತಿಲ್ಲ. ಕೆಳಗೆ ಗೇಟಲ್ಲಿ ಹೆಂಡತಿ ಬಂದು ನಿಂತಿದಾರೆ. ಸಿಸ್ಟರ್ ಆಗಿ ಶುರು ಮಾಡಿದ್ದನ್ನ ಸಿಸ್ಟರ್ ಆಗೇ ಮುಗಿಸಿ ಬಾ."

ಗೇಟಿನಾಚೆ ಆಕೆಯ ತೋಳಿನ ಮೇಲೆ ನೀಲಿ ಶರ್ಟು, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಶರ್ಟು ಕಂಡೊಡನೆ ಗಿಣಿಯ ಹಾಳು ಬುದ್ಧಿ ಅಳತೆ ಹಾಕಿತು: ಇದು ಅವರಿಗೆ ಈಗ ದೊಗಳೆಯಾಗುತ್ತಿತ್ತು.

"ಸಿಸ್ಟರ್, ರೆಡಿ ಆದ್ರಾ ನಮ್ಮನೆಯವರು? ಈ ಶರ್ಟ್ ಒಳಗೆ ಕೊಡ್ತೀರಾ?"

'ಈಗ ಬರ್ತಾರಕ್ಕಾ' ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ದೇವರಾಣೆಗೂ ಬಂದಿತ್ತು. ಕಚ್ಚಿ ನುಂಗಿದಳು.

"ಇಲ್ಲಕ್ಕಾ. ಅವರು ತೀರಿಹೋದ್ರು. ಬೆಳಿಗ್ಗೆ."

ಆಕೆ ಗೇಟಿನ ಸರಳು ಹಿಡಿದು ಹಾಗೇ ಕುಸಿದು ಕೂತರು. ಕೂತಲ್ಲಿಂದಲೇ ಕೇಳಿದರು, "ನಿನ್ನೆ ಯಾರೋ ಸಿಸ್ಟರ್ ನಾಳೆ ಮನೆಗೆ ಅಂದ್ರಂತಲ್ಲ, ಯಾರಮ್ಮ ಅವರು?"

"ಗೊತ್ತಿಲ್ಲ" ಎಂದಳು ಗಿಣಿ. ಅಂಗಡಿ ಸೇರಿದಾಗಿನಿಂದ ಆಡದ ಮಾತು. ಆಡಿದ ಮೊದಲ ಸಲವೇ ಸುಳ್ಳಿಗೆ ಆಡಿದಳು.

"ಹುಡುಕಿ ಈ ಹಣ್ಣನ್ನ ಆ ಸಿಸ್ಟರಿಗೆ ಕೊಟ್ಬಿಡಿ. ಅವರಿಗೇ ಅಂತ ತಂದಿದ್ದೆ. ನಿನ್ನೆ ಫೋನಲ್ಲಿ ನಗ್ತಾ ಇದ್ರು ನಮ್ಮನೆಯವರು. ಆ ನಗು ಕೇಳಿ ಎಷ್ಟೋ ದಿನ ಆಗಿತ್ತು." ಹಣ್ಣಿನ ಚೀಲ ಸರಳಿನ ಸಂದಿಯಿಂದ ಒಳಗೆ ಬಂತು.

ಚೀಲ ಹಿಡಿದು ಮೇಲೆ ಬಂದವಳನ್ನು ಹಿರಿಯ ಸಿಸ್ಟರ್ ಮೆಟ್ಟಿಲಲ್ಲೇ ತಡೆದರು.

"ಹೇಳಿದ್ಯಾ?"

"ಹೇಳಿದೆ. ನಾನು ತರಬೇತಿಗೆ ಬರಲ್ಲ ಸಿಸ್ಟರ್. ಅಂಗಡಿ ತೆರೆದ್ರೆ ಅಲ್ಲಿಗೇ ಹೋಗ್ತೀನಿ. ಈ ಕೆಲಸಕ್ಕೆ ನಾನು ಸರಿಯಿಲ್ಲ."

"ಅಯ್ಯೋ ಪಾಪ! ಬಟ್ಟೆ ಮಾರ್ಕೊಂಡು ಹಾಯಾಗಿರ್ತೀಯಾ? ತರಬೇತಿಗೆ ನಿನ್ನ ಹೆಸರು ಆಗಲೇ ಕೊಟ್ಟಿದೀನಿ. ಇನ್ನು ಮೇಲೆ ನೀನು ಯಾರಿಗೂ ಸುಳ್ಳು ಹೇಳಲ್ಲ. ಇದನ್ನ ಇನ್ನೊಬ್ಬ ಹುಡುಗಿಗೆ ಕಲಿಸೋಕೆ ನಾನು ಇನ್ನೊಂದು ಹೆಣ ಎಲ್ಲಿಂದ ತರಲಿ?"

ಗಿಣಿಯ ಕೈಯಲ್ಲಿ ಚೀಲ ಕಲ್ಲಿನಂತೆ ಭಾರವಾಯಿತು. ತಿರುಗಿ ಮೆಟ್ಟಿಲಿಳಿದಳು. ಆಕೆ ಗೇಟಿನ ಬಳಿ ಇನ್ನೂ ಕೂತೇ ಇದ್ದರು, ಶರ್ಟು ಮಡಿಲಲ್ಲಿತ್ತು.

"ಅಕ್ಕಾ, ಆ ಮಾತು ಹೇಳಿದ್ದು ನಾನೇ. ನಾನು ಸಿಸ್ಟರೂ ಅಲ್ಲ, ಊಟ ಹಂಚೋಳು. ನಂಗೇನೂ ಗೊತ್ತಿರಲಿಲ್ಲ, ಸುಮ್ಮನೆ ಅಂದೆ. ಅದನ್ನ ನಂಬ್ಕೊಂಡು ಅವರು ಮಾಸ್ಕ್ ತೆಗೆದು ಗಡ್ಡ ಮಾಡ್ಕೊಳ್ಳೋಕೆ ಹೋದ್ರು."

ಆಕೆ ಎದ್ದು, ಸರಳಿನ ಸಂದಿಯಿಂದ ಕೈ ತೂರಿಸಿ, ಗಿಣಿಯ ಕೈಯಿಂದ ಹಣ್ಣಿನ ಚೀಲವನ್ನು ವಾಪಸು ತೆಗೆದುಕೊಂಡರು.

ಆ ಸಂಜೆ ಗಿಣಿ ಹಿತ್ತಲ ಕೋಣೆಯಲ್ಲಿ ಬಟ್ಟೆಯ ಗಂಟು ಕಟ್ಟಿದಳು. ಅಮ್ಮ ಕಿಟಕಿಯಾಚೆಯಿಂದ ಕೇಳಿದಳು.

"ಹಾಸ್ಟೆಲ್ಲಿಗೆ ಹೊರಟೇಬಿಟ್ಯಾ? ಮತ್ತೆ ಯಾವಾಗ ಬರ್ತೀಯೇ?"

"ಗೊತ್ತಿಲ್ಲಮ್ಮ" ಎಂದಳು ಗಿಣಿ.