ಬಂಗಾರದ ಹಲ್ಲಿಯನ್ನು ಮುಟ್ಟಿದ ಕೈ

ಟಕ್, ಟಕ್, ಟಕ್, ಟಕ್. ಒಣಗಿದ ಹಲಗೆಯ ಮೇಲೆ ಯಾರೋ ಬೆರಳ ಗೆಣ್ಣಿನಿಂದ ಕುಟ್ಟಿದ ಹಾಗೆ. ಸಿಂಧನೂರಿನ ಕಾಲುವೆ ಕ್ವಾರ್ಟರ್ಸ್‌ನಲ್ಲಿ ನಮ್ಮ ಡ್ರಾಯಿಂಗ್ ರೂಮಿನ ಗಾಜಿನ ತೊಟ್ಟಿಯಿಂದ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಆ ಸದ್ದು ಶುರುವಾಗುತ್ತಿತ್ತು. ಗೋಡೆಯ ಹಲ್ಲಿ ಲೊಚಗುಟ್ಟುವುದಕ್ಕಿಂತ ದೊಡ್ಡ ಸದ್ದು. ಮೊದಮೊದಲು ಅದು ನನಗೆ ಕಂಪನಿ ಅನ್ನಿಸಿತ್ತು. ಆಮೇಲಾಮೇಲೆ ಅದನ್ನು ಕೇಳಿದರೇ ಸುಸ್ತಾಗುತ್ತಿತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಯಜಮಾನರು ಕಾಲುವೆಯ ಇಂಜಿನಿಯರ್. ದಢೇಸುಗೂರಿನ ಕಡೆ ದಂಡೆ ಕುಸಿದು, ಅದಕ್ಕೆ ಹೊದಿಸಲು ಲಾರಿಗಟ್ಟಲೆ ಕಲ್ಲು ಬರುತ್ತಿತ್ತು. ಒಂದು ಲೋಡಿನ ಕಲ್ಲುಗಳ ಸಂದಿಯಲ್ಲಿ ಸಿಕ್ಕಿದ್ದು ಈ ಹಲ್ಲಿ. ಗೇಣಿಗೆ ತುಸು ಕಡಿಮೆ ಉದ್ದ, ಅರಿಶಿನದಲ್ಲಿ ಅದ್ದಿ ತೆಗೆದಂಥ ಮೈ. ಟಿಫಿನ್ ಡಬ್ಬಿಯಲ್ಲಿ ತಂದು, ನಿನಗೊಂದು ಪೆಟ್ ಅಂದರು. ಮಕ್ಕಳಿಲ್ಲದ ಮನೆಗೆ ಹೀಗೆ ಏನಾದರೊಂದು ತರುವುದು ಅವರ ಅಭ್ಯಾಸ. ಅದಕ್ಕೆ ಮುಂಚೆ ತಂದಿದ್ದ ಮೀನುಗಳು ಸತ್ತು ತೊಟ್ಟಿ ಖಾಲಿಯೇ ಇತ್ತು. ಅದರಲ್ಲಿ ಎರಡು ಕಲ್ಲಿಟ್ಟು, ಮೇಲೆ ಜಾಲರಿ ಮುಚ್ಚಿದೆವು. ಜಿರಲೆ, ಪತಂಗಗಳನ್ನು ನಾನು ಇಕ್ಕಳದಲ್ಲಿ ಹಿಡಿದು ಒಳಗೆ ಬಿಡುತ್ತಿದ್ದೆ. ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು, ಹಲ್ಲಿಯೆಂದರೆ ಅಸಹ್ಯ. ಒಮ್ಮೆಯೂ ಬರಿಗೈಯಲ್ಲಿ ಮುಟ್ಟಿರಲಿಲ್ಲ.

ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಾಕೆ ಗುರುಗುಂಟಾದವಳು, ನನಗಿಂತ ಹತ್ತು ವರ್ಷ ಹಿರಿಯಳು. ಮೊದಲ ದಿನ ತೊಟ್ಟಿ ನೋಡಿದವಳೇ ಕಸಬರಿಗೆ ಕೆಳಗಿಟ್ಟು ಕೈಮುಗಿದಳು. ಕಂಚಿಯ ಗುಡಿಯಲ್ಲಿ ಬಂಗಾರದ ಹಲ್ಲಿ ಇದೆಯಲ್ಲ, ಅದನ್ನು ಮುಟ್ಟಿ ಬಂದವರಿಗೆ ಹಲ್ಲಿ ಬಿದ್ದ ದೋಷ ತಾಗುವುದಿಲ್ಲ, ಅವರನ್ನು ಮುಟ್ಟಿದವರಿಗೂ ತಾಗುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಕಂಚಿಗೆ ಹೋಗಲಾರದವರ ಮನೆ ಬಾಗಿಲಿಗೆ ಕಂಚಿಯೇ ಬಂದಿದೆ ಎಂದು ಅವಳು ಓಣಿಗೆಲ್ಲ ಹೇಳಿಬಂದಳು. ಮರುದಿನದಿಂದ ಹೆಂಗಸರು ಬರತೊಡಗಿದರು, ಕುಂಕುಮದ ಬಟ್ಟಲು ಹಿಡಿದು.

ಸೂಪರ್‌ಸ್ಟಿಷನ್ ಎಂದು ನಕ್ಕೆ. ನಗುತ್ತಲೇ ಜಾಲರಿ ತೆಗೆದೆ. ನಿಜ ಹೇಳಬೇಕೆಂದರೆ, ಮಧ್ಯಾಹ್ನವಿಡೀ ಒಬ್ಬಳೇ ಕೂತಿರುತ್ತಿದ್ದವಳಿಗೆ ಮನೆ ತುಂಬ ಜನ ಬಂದದ್ದು ಇಷ್ಟವೇ ಆಗಿತ್ತು. ಬಂದವರಿಗೆ ಚಹಾ ಕೊಡುತ್ತಿದ್ದೆ. ಒಬ್ಬಾಕೆ ಒತ್ತಿ ಹಿಡಿದಾಗ ಬಾಲ ಕಳಚಿತು. ಆದರೂ ಜಾಲರಿ ಮುಚ್ಚಲಿಲ್ಲ. ತಿಂಗಳೊಳಗೆ ಅರಿಶಿನದ ಮೈ ಬೂದಿ ಬಣ್ಣಕ್ಕೆ ತಿರುಗಿತು, ಸಂಜೆಯ ಟಕ್ ಟಕ್ ನಿಂತಿತು.

ಅರಣ್ಯ ಇಲಾಖೆಯಲ್ಲಿದ್ದ ಯಜಮಾನರ ಸ್ನೇಹಿತರೊಬ್ಬರು ಲಿಂಗಸುಗೂರಿನಿಂದ ಬಂದಿದ್ದಾಗ ತೊಟ್ಟಿಯ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು. ಇದು ಕಾನೂನಿನ ಲಿಸ್ಟಿನಲ್ಲಿರುವ ಪ್ರಾಣಿ, ಎಲ್ಲಂದರಲ್ಲಿ ಸಿಗುವಂಥದ್ದಲ್ಲ ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು, "ಇಟ್ಕೊಳ್ಳೋದೂ ಗುನ್ಹೆ ಐತ್ರಿ ಮೇಡಂ. ಎಲ್ಲೆರ ಬಿಟ್ಟು ಕೈ ತೊಳಕೊಳ್ಳೋದೂ ಸರಿ ಅಲ್ಲ. ಯಾವ ಕಲ್ಲಿನಾಗ ಹುಟ್ಟೈತೋ ಅದಽ ಕಲ್ಲಿಗೆ ಬಿಡಬೇಕು."

ಯಾವ ಕಲ್ಲು? ಲಾರಿಯವರನ್ನು ಕೇಳಿದರೆ ಒಬ್ಬ ಮಸ್ಕಿ ಗುಡ್ಡದ್ದೆಂದ, ಇನ್ನೊಬ್ಬ ಆಂಧ್ರದ ಕಡೆಯದೆಂದ. ನೋಡೋಣ ಎಂದು ಯಜಮಾನರು ಪೇಪರ್ ಓದತೊಡಗಿದರು. ನಾನೂ ನೋಡೋಣ ಎಂದೇ ಸುಮ್ಮನಾದೆ.

ಆ ವಾರವೇ ಕೆಲಸದಾಕೆಗೆ ಊರಿಂದ ಸುದ್ದಿ ಬಂತು. ಗುರುಗುಂಟಾದಲ್ಲೇ ಕೊಟ್ಟಿದ್ದ ಮಗಳಿಗೆ ಏಳು ತಿಂಗಳು. ಹಿಂದಿನ ಎರಡೂ ಬಸಿರು ನಿಂತಿರಲಿಲ್ಲ. ಈಗ ಹಿಟ್ಟು ನಾದುತ್ತ ಕೂತವಳ ನೆತ್ತಿಯ ಮೇಲೆ ಹಲ್ಲಿ ಬಿದ್ದಿದೆಯಂತೆ. ನೆತ್ತಿಗೆ ಬಿದ್ದರೆ ಸಾವಿನ ಸೂಚನೆ. ಅಂದಿನಿಂದ ಹುಡುಗಿ ಅನ್ನ ಬಿಟ್ಟಿದ್ದಳು. ನೀನು ದಿನಾ ಮುಟ್ಟುತ್ತೀಯಲ್ಲ, ನೀನೇ ಹೋಗಿ ಅವಳನ್ನು ಮುಟ್ಟಿ ಬಾ ಎಂದೆ. ಅವಳು ಆಗದೆಂದು ತಲೆಯಾಡಿಸಿದಳು. ಕೈಕಾಲಿಗೆ ಬಿದ್ದರೆ ಅಷ್ಟು ಸಾಕು, ನೆತ್ತಿಗೆ ಬಿದ್ದರೆ ಖುದ್ದಾಗಿ ಮುಟ್ಟಬೇಕು. ಅಮಾವಾಸ್ಯೆ ಕಳೆಯುವವರೆಗೆ ಅತ್ತೆ ಮನೆಯವರು ಕಳಿಸುವುದಿಲ್ಲ, ಗುರುವಾರ ಕರೆತರುತ್ತೇನೆ, ಅಲ್ಲಿಯ ತನಕ ಹಲ್ಲಿಯನ್ನು ಎಲ್ಲಿಗೂ ಕಳಿಸಬೇಡಿ ಎಂದು ಕೇಳಿಕೊಂಡಳು. ಆಗಲಿ ಎಂದು ಮಾತು ಕೊಟ್ಟೆ.

ಮಂಗಳವಾರ ಬೆಳಿಗ್ಗೆ ನೋಡಿದರೆ ಹಲ್ಲಿ ಗಾಜಿಗೆ ಅಂಟಿಕೊಂಡಿರಲಿಲ್ಲ. ತಳದಲ್ಲಿ ಬಿದ್ದಿತ್ತು, ಪಕ್ಕೆಲುಬು ಎಣಿಸುವ ಹಾಗೆ. ಗುರುವಾರದವರೆಗೆ ಉಳಿಯುವುದಿಲ್ಲ ಅನ್ನಿಸಿತು. ಉಳಿದರೂ ಇನ್ನೊಂದು ಕೈ ಮುಟ್ಟಿದರೆ ತಡೆಯುವುದಿಲ್ಲ. ಇಕ್ಕಳದಿಂದಲೇ ಬಿಸ್ಕತ್ತಿನ ಡಬ್ಬಿಗೆ ದಾಟಿಸಿ ಮಸ್ಕಿಯ ಬಸ್ಸು ಹತ್ತಿದೆ.

ಗುಡ್ಡದ ಬಂಡೆಗಳು ಆಗಲೇ ಕಾಯತೊಡಗಿದ್ದವು. ನೆರಳಿದ್ದ ಒಂದು ಸೀಳಿನ ಬಾಯಿಗೆ ಡಬ್ಬಿ ಬಗ್ಗಿಸಿದೆ. ಬರಲಿಲ್ಲ, ಇದ್ದ ಶಕ್ತಿಯನ್ನೆಲ್ಲ ತಗಡಿಗೆ ಅಂಟಿಕೊಳ್ಳಲು ಬಳಸುತ್ತಿತ್ತು. ಇಕ್ಕಳ ಮನೆಯಲ್ಲೇ ಉಳಿದಿತ್ತು. ಕೈ ಹಾಕಿದೆ. ಅಸಹ್ಯವೇನೂ ಆಗಲಿಲ್ಲ. ಒಣಗಿದ್ದ ಪುಟ್ಟ ಬೆರಳುಗಳು ನನ್ನ ಬೆರಳನ್ನು ಹಿಡಿದುಕೊಂಡವು, ಬಿಡಿಸಿಕೊಳ್ಳಬೇಕಾಯಿತು. ಆಮೇಲೆ ಅದು ಸೀಳಿನೊಳಗೆ ಹೋಯಿತು. ಅದರ ಗುಡ್ಡ ಅದೋ ಅಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಗುರುವಾರ ತಾಯಿ ಮಗಳು ಬಂದರು. ಹುಡುಗಿ ತಲೆಗೆ ನೀರು ಹಾಕಿಕೊಂಡು, ಕೈಯಲ್ಲಿ ಒಂದು ನಿಂಬೆಹಣ್ಣು ಹಿಡಿದಿದ್ದಳು. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಕೆಲಸದಾಕೆ ಖಾಲಿ ತೊಟ್ಟಿಯನ್ನೇ ನೋಡುತ್ತಿದ್ದಳು.

"ಎರಡು ದಿನ, ಅಮ್ಮಾರ. ಎರಡು ದಿನ ತಡಿಯಾಕ ಆಗಲಿಲ್ಲೇನ್ರಿ?"

"ಸತ್ತು ಹೋಗ್ತಿತ್ತು ಯವ್ವಾ."

"ಸತ್ರ ಸಾಯ್ತಿತ್ತು. ಹಲ್ಲಿ ಅದು. ನನ್ ಮಗಳು ಮನಷ್ಯಾಳ್ರಿ."

ತಿಂಗಳಿಡೀ ನಾನೇ ಜಾಲರಿ ತೆಗೆದು ಕೊಟ್ಟಿದ್ದೆ. ಅವಳ ಮಗಳ ಸರದಿ ಬಂದಾಗ ನನ್ನ ಕಾನ್ಷಿಯನ್ಸ್ ಎಚ್ಚರಗೊಂಡಿತ್ತು.

ಹುಡುಗಿ ಕೇಳಿದಳು, "ನೀವು ಮುಟ್ಟೀರೇನ್ರಿ ಅಮ್ಮಾರ?"

"ಮುಟ್ಟೀನಿ. ಒಂದ್ ಸಲ."

ಬಲಗೈ ಮುಂದೆ ಮಾಡಿದೆ. ಅವಳು ಎರಡೂ ಕೈಯಿಂದ ಹಿಡಿದು ಕಣ್ಣಿಗೊತ್ತಿಕೊಂಡಳು. ಅಷ್ಟು ಸಾಲದೆಂದು ಅವಳ ತಾಯಿಗೂ ಗೊತ್ತು, ನನಗೂ ಗೊತ್ತು. ಕೆಲಸದಾಕೆ ಮುಖ ತಿರುಗಿಸಿಕೊಂಡು, ಇದ್ದ ಪಾತ್ರೆಗಳನ್ನು ತೊಳೆದಿಟ್ಟಳು. ಅದೇ ಅವಳು ನಮ್ಮನೆಯಲ್ಲಿ ಮಾಡಿದ ಕೊನೆಯ ಕೆಲಸ. ಮಳೆಗಾಲಕ್ಕೆ ಮುಂಚೆ ನಮಗೆ ಟ್ರಾನ್ಸ್‌ಫರ್ ಆಯಿತು. ಹೆರಿಗೆ ಏನಾಯಿತೆಂದು ನಾನು ಯಾರನ್ನೂ ಕೇಳಲಿಲ್ಲ, ಕೇಳಲು ಹೆದರಿದೆ.

ಅವತ್ತು ಬಸ್ ಸ್ಟ್ಯಾಂಡಿನ ತನಕ ಅವರ ಹಿಂದೆಯೇ ಹೋದೆ, ಬೇಡವೆಂದರೂ. ಲಿಂಗಸುಗೂರಿನ ಬಸ್ಸು ನಿಂತಿತ್ತು. ತಾಯಿ ನನ್ನ ಕಡೆ ನೋಡಲಿಲ್ಲ. ಮಗಳು ಕಿಟಕಿಯ ಪಕ್ಕ ಕೂತಳು. ಎಡಗೈಯಿಂದ ಸರಳು ಹಿಡಿದು, ಬಲಗೈಯನ್ನು ಯಾವುದಕ್ಕೂ ತಾಗಿಸದೆ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಬಸ್ಸು ಮಸ್ಕಿಯ ದಾರಿಗೆ ತಿರುಗುವವರೆಗೂ ಆ ಕೈ ಹಾಗೆಯೇ ಇತ್ತು.